ಎಕೋ ತೆರೆಯುವಾಗ ‘ಪೈಕ್ಯೂಟಿ ಇಲ್ಲ’ ಎಂಬ ದೋಷ

ಉಬುಂಟುವಿನಲ್ಲಿ ಪೈಕ್ಯೂಟಿ (ಪೈಥಾನ್‌ನಲ್ಲಿ ಕಿಟಕಿ, ಗುಂಡಿಗಳನ್ನು ಮೂಡಿಸುವ ಲೈಬ್ರರಿ) ಹಾಕಿದ ಮೇಲೂ ಎಕೋ, ಅಂದರೆ ಒಂದೇ ಕಡತದಲ್ಲಿ ಹಲವು ಪ್ರೋಗ್ರಾಮಿಂಗ್ ಭಾಷೆಗಳನ್ನು ಬೆರೆಸಿ ಬರೆಯಬಹುದಾದ ಎಡಿಟರ್, ಅದನ್ನು ಕಾಣುತ್ತಿಲ್ಲ, ಅದೂ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಪೈಥಾನ್ ಆವರಣ) ಒಳಗಿನಿಂದ ಓಡಿಸಿದಾಗ ಎಂದು ಬರೆದಿದ್ದೀರಿ. ತಪ್ಪು ಎಕೋದ್ದಲ್ಲ. ಉಬುಂಟುವಿನ ಪ್ಯಾಕೇಜ್ ಸಾಧನವಾದ ಆಪ್ಟ್ ಮೂಲಕ ಹಾಕಿದ ಪ್ಯಾಕೇಜು ವ್ಯವಸ್ಥೆಯ ಪೈಥಾನ್‌ಗೆ ಸೇರುತ್ತದೆ; ವರ್ಚುವಲ್ ಎನ್ವಿರಾನ್‌ಮೆಂಟ್ ಸಾಮಾನ್ಯವಾಗಿ ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಎನ್ವಿರಾನ್‌ಮೆಂಟನ್ನು ಅಳಿಸಿ, ‘ಸಿಸ್ಟಮ್-ಸೈಟ್-ಪ್ಯಾಕೇಜಸ್’ ಆಯ್ಕೆಯೊಂದಿಗೆ ಮತ್ತೆ ಸೃಷ್ಟಿಸಿ, ಇಲ್ಲವೇ ಅದರೊಳಗೇ ಪೈಥಾನ್‌ನ ಪ್ಯಾಕೇಜ್ ಸಾಧನವಾದ ಪಿಪ್‌ನಿಂದ ಪೈಕ್ಯೂಟಿ ಹಾಕಿಕೊಳ್ಳಿ. ಆವೃತ್ತಿಯನ್ನೂ ನೋಡಿ: ಹಳೆಯ ಎಕೋ ಪೈಥಾನ್ 2 ಮತ್ತು ಪೈಕ್ಯೂಟಿ 4 ಕಾಲದ್ದು, ಅದಕ್ಕೆ ಪೈಕ್ಯೂಟಿ 5 ಕೊಟ್ಟರೆ ಒಪ್ಪುವುದಿಲ್ಲ. ಎಕೋ ತೆರೆಯುವ ಮೊದಲು ಪೈಥಾನ್ ಪ್ರಾಂಪ್ಟ್‌ನಲ್ಲಿ ಪೈಕ್ಯೂಟಿಯನ್ನು ಇಂಪೋರ್ಟ್ ಮಾಡಿ ನೋಡಿ; ಸದ್ದಿಲ್ಲದೆ ಮುಂದಿನ ಸಾಲಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಪೈಥಾನ್ ನಡುವೆ ಎಸ್‌ಕ್ಯೂಎಲ್ (ಡೇಟಾಬೇಸ್‌ಗಳ ಪ್ರಶ್ನೆ ಭಾಷೆ) ಬರೆದರೆ ಕೆಂಪು ಗೆರೆ ಬರುವುದೇಕೆ ಎಂದೂ ಕೇಳಿದ್ದೀರಿ. ಎಕೋದಲ್ಲಿ ಬೇರೆ ಭಾಷೆಗೆ ಮೊದಲು ‘ಲ್ಯಾಂಗ್ವೇಜ್ ಬಾಕ್ಸ್’ ಸೇರಿಸಬೇಕು, ಆಮೇಲೆ ಅದರೊಳಗೆ ಟೈಪ್ ಮಾಡಬೇಕು. ಪ್ರತಿ ಪೆಟ್ಟಿಗೆಗೂ ತನ್ನದೇ ವ್ಯಾಕರಣ. ನೀವು ಒತ್ತುವ ಒಂದೊಂದು ಅಕ್ಷರಕ್ಕೂ ಪಾರ್ಸ್ ಟ್ರೀ (ಕೋಡಿನ ರಚನೆಯನ್ನು ಮರದಂತೆ ಹಿಡಿದಿಡುವ ರೂಪ) ಪರಿಷ್ಕರಣೆಯಾಗುತ್ತದೆ, ಆದ್ದರಿಂದ ಅರ್ಧ ಬರೆದ ಸಾಲಿಗೂ ಕೆಂಪು ಗೆರೆ ಸಹಜ.

ಎಕೋ ತನ್ನ ಕಡತದಲ್ಲಿ ಬರಿಯ ಪಠ್ಯದ ಬದಲು ಆ ಮರವನ್ನೇ ಉಳಿಸುತ್ತದೆ. ಹಾಗಾಗಿ ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನ ಡಿಫ್ (ಏನೇನು ಬದಲಾಯಿತೆಂಬ ಪಟ್ಟಿ) ಓದುವಂತಿರುವುದಿಲ್ಲ. ಓಡಿಸಬೇಕಾದ ಕೋಡನ್ನು ಬರಿಯ ಪಠ್ಯವಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಎಕೋ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರ ಪ್ರಯೋಗ, ಕಚೇರಿಯ ಕೆಲಸಕ್ಕೆ ಇದನ್ನು ನೆಚ್ಚಬೇಡಿ. ದೋಷ ಮತ್ತೆ ಬಂದರೆ ಟರ್ಮಿನಲ್‌ನ ಕೊನೆಯ ಹತ್ತು ಸಾಲುಗಳನ್ನು ಇಲ್ಲಿ ಅಂಟಿಸಿ.