ಪಶ್ಚಿಮದ ಗೋಡೆಗೆ ಪಿಸಿಎಂ ಹಲಗೆ: ಏಪ್ರಿಲ್‌ನಲ್ಲಿ ಕೈಕೊಟ್ಟದ್ದೇಕೆ?

ಪುಣೆಯ ನಿಮ್ಮ ಮನೆಯ ಪಶ್ಚಿಮದ ಗೋಡೆಗೆ ಹಾಕಿಸಿದ ಪಿಸಿಎಂ ಹಲಗೆ, ಅಂದರೆ ಹಗಲು ಕರಗಿ ಶಾಖ ಹೀರುವ, ರಾತ್ರಿ ಗಟ್ಟಿಯಾಗಿ ಅದನ್ನು ಬಿಡುವ ಮೇಣ ತುಂಬಿದ ಹಲಗೆ, ಏಕೆ ಕೈಕೊಟ್ಟಿತು ಎಂದು ಕೇಳಿದ್ದೀರಿ. ಅದರೊಳಗಿನ ಮೇಣ ರಾತ್ರಿ ಮತ್ತೆ ಗಟ್ಟಿಯಾಗುತ್ತಿಲ್ಲ ಎಂದು ಕಾಣುತ್ತದೆ. ಫೆಬ್ರವರಿಯಲ್ಲಿ ತಂಪಾಗಿದ್ದ ಕೋಣೆ ಏಪ್ರಿಲ್‌ನಲ್ಲಿ ಕುದಿಯುತ್ತಿದೆ ಎಂದು ನೀವು ಬರೆದಿರುವುದು ಅದನ್ನೇ ಹೇಳುತ್ತದೆ. ಮೇಣ ಕರಗುವಾಗಷ್ಟೇ ಹೆಚ್ಚು ಶಾಖ ಹೀರುತ್ತದೆ. ಕರಗಿಯೇ ಉಳಿದರೆ ಅದು ಬರೀ ದುಬಾರಿ ಹಲಗೆ. ಪುಣೆಯದೇ ಕೊಥ್ರೂಡ್ ಬಡಾವಣೆಯ ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಮೊದಲು ಹಲಗೆಯ ಮಾಹಿತಿ ಪತ್ರದಲ್ಲಿ ಕರಗುವ ಉಷ್ಣತೆ ನೋಡಿ. 21–23 ಡಿಗ್ರಿ ಎಂದಿದ್ದರೆ ಅದು ತಂಪು ದೇಶದ ಮನೆಗೆ ಮಾಡಿದ್ದು; ಪುಣೆಯ ಬೇಸಿಗೆಗೆ ಒಗ್ಗದು, ಬದಲಿಸಲೇಬೇಕು. 27–29 ಇದ್ದರೆ ಹಲಗೆಯ ತಪ್ಪಿಲ್ಲ.

ಆಮೇಲೆ ಒಂದು ಥರ್ಮಾಮೀಟರನ್ನು ಗೋಡೆಗೆ ಟೇಪಿನಿಂದ ಅಂಟಿಸಿ, ಬೆಳಗಿನ ಐದೂವರೆಗೆ ಓದಿ. ಕರಗುವ ಉಷ್ಣತೆಗಿಂತ ಎರಡು ಮೂರು ಡಿಗ್ರಿಯಾದರೂ ಕೆಳಗಿರಬೇಕು. ಇಲ್ಲದಿದ್ದರೆ ರಾತ್ರಿ ಹತ್ತರಿಂದ ಎದುರುಬದುರು ಕಿಟಕಿ ತೆರೆದಿಡಿ, ಸೊಳ್ಳೆ ಪರದೆ ಸಾಕು. ಎಕ್ಸಾಸ್ಟ್ ಫ್ಯಾನ್ ಓಡಿಸಿ, ಟೇಬಲ್ ಫ್ಯಾನನ್ನು ಗೋಡೆಯ ಕಡೆಗೇ ತಿರುಗಿಸಿ. ಬೆಳಗಿನ ಎಂಟು ಗಂಟೆಯೊಳಗೆ ಎಲ್ಲ ಮುಚ್ಚಿ. ಗೋಡೆಗೆ ಕಪಾಟು ಒರಗಿದ್ದರೆ ಸರಿಸಿ. ನಮ್ಮಲ್ಲಿ ಅರ್ಧ ತೊಂದರೆ ಅದರದ್ದೇ ಆಗಿತ್ತು.

ಮೊಳೆ ಮಾತ್ರ ಹೊಡೆಯಬೇಡಿ. ಕ್ಯಾಲೆಂಡರಿಗೆಂದು ನಾನು ಹೊಡೆದ ಮೊಳೆಯ ಸುತ್ತ ಮೇಣ ಜಿನುಗಿ, ದೋಸೆ ಕಾವಲಿಯಷ್ಟು ಅಗಲದ ಜಿಡ್ಡಿನ ಕಲೆ ಇನ್ನೂ ಇದೆ. ಪ್ಯಾರಾಫಿನ್ ಮೇಣದ ಹಲಗೆಯಾದರೆ ಬೆಂಕಿಯ ಭಯವೂ ಉಂಟು.

ಒಂದು ವಾರ ಹೀಗೆ ಮಾಡಿಯೂ ಬೆಳಗಿನ ಅಂಕಿ ಇಳಿಯದಿದ್ದರೆ, ಗೋಡೆಯ ಹೊರಗಡೆ ನೆರಳಿನ ಬಲೆ ಕಟ್ಟಿಸಿ. ಹೊಸ ಹಲಗೆಗಿಂತ ಅದು ಅಗ್ಗ.