ಹತ್ತೊಂಬತ್ತು 'ಇರಬಹುದು', ಒಂದು ಕಚ್ಚು

ನಮಸ್ಕಾರ,

ನಿಮ್ಮ 'ಮೂಕಸಾಕ್ಷಿ' ಲೇಖನ ತಲುಪಿ ಹದಿನೈದು ದಿನ ಆಯಿತು. ಟೆಕ್ಸಾಸಿನಲ್ಲಿರುವ ನಿಮ್ಮ ಸೋದರಮಾವ ಜರ್ಮನಿಯ ಪೊಲೀಸರು ಬಳಸಿ ಬಿಟ್ಟ ಪಿಸ್ತೂಲುಗಳನ್ನು ಕೊಂಡು ಕೂಡಿಡುತ್ತಾರೆ. ಒಂದೊಂದೂ ಎಲ್ಲಿ, ಯಾವಾಗ ಕೆಲಸಕ್ಕಿತ್ತು ಅಂತ ಪತ್ತೆ ಮಾಡುತ್ತಾರೆ. ಹೋದ ಬೇಸಿಗೆಯಲ್ಲಿ ನೀವು ಅವರ ಮನೆಗೆ ಹೋಗಿ ಅದನ್ನೆಲ್ಲ ನೋಡಿ ಬಂದು ಅದರಲ್ಲೊಂದರ ಬಗ್ಗೆ ಬರೆದಿದ್ದೀರಿ. ವಿಷಯ ಹೊಸದು. ಕಾಗುಣಿತ ಸರಿಯಿದೆ. ತೀರ್ಥಹಳ್ಳಿ ಕಡೆಯಿಂದ ಇನ್ನೂ ಕೈಬರಹದಲ್ಲಿ ಕಳಿಸುವವರಿದ್ದಾರಲ್ಲ ಅಂತ ಖುಷಿಯೂ ಆಯಿತು.

ಆದರೆ ಈಗ ಇರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲಾರೆ. ಎರಡು ಸಾಲಿನ ಚೀಟಿ ಬರೆದು ವಾಪಸ್ ಕಳಿಸಿದ್ದರೆ ಮುಗಿಯುತ್ತಿತ್ತು. ಕಳಿಸಲು ಮನಸ್ಸು ಬರಲಿಲ್ಲ. ಸಿಟ್ಟು ಬಂದಿದೆ ನನಗೆ. ಒಳ್ಳೆಯ ಅಡಿಕೆಯನ್ನು ಅಂಗಳದಲ್ಲಿ ಮಳೆಗೆ ಬಿಟ್ಟವರನ್ನು ಕಂಡರೆ ಬರುತ್ತದಲ್ಲ, ಆ ಥರದ ಸಿಟ್ಟು.

ಕೆಂಪು ಪೆನ್ನು ಹಿಡಿದು ಎಣಿಸಿದೆ. ಆರು ಪುಟದಲ್ಲಿ ಹತ್ತೊಂಬತ್ತು 'ಇರಬಹುದು'.

ಮೊದಲನೆಯದು: 'ಈ ಪಿಸ್ತೂಲು ಎಷ್ಟು ಜೀವಗಳನ್ನು ಬಲಿ ಪಡೆದಿರಬಹುದು?' ಅಲ್ಲ ಮಾರಾಯ್ರೇ, ಅದರ ಹಿಂದಿನ ಸಾಲನ್ನೇ ನೋಡಿ. 'ಹೊರಗಿನ ಕಪ್ಪು ಅಲ್ಲಲ್ಲಿ ಹೋಗಿತ್ತು, ನಳಿಗೆಯ ಒಳಗೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು' ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಪೊಲೀಸರ ಪಿಸ್ತೂಲು ದಿನಾ ಸೊಂಟದ ಚರ್ಮದ ಚೀಲಕ್ಕೆ ಹೋಗುತ್ತದೆ, ಬರುತ್ತದೆ. ಉಜ್ಜಿ ಉಜ್ಜಿ ಅಂಚಿನ ಬಣ್ಣ ಹೋಗುತ್ತದೆ. ಗುಂಡು ಹಾರುವುದು ಹೆಚ್ಚಾಗಿ ತರಬೇತಿಯ ದಿನ, ಅದೂ ರಟ್ಟಿನ ಗುರಿಗೆ. ಹೊತ್ತದ್ದು ಜಾಸ್ತಿ, ಹೊಡೆದದ್ದು ಕಡಿಮೆ. ವರ್ಷಗಟ್ಟಲೆ ಒಬ್ಬ ಪೇದೆಯ ಸೊಂಟದಲ್ಲಿ ಸುಮ್ಮನೆ ಭಾರವಾಗಿ ಕೂತಿದ್ದ ವಸ್ತು ಅದು. ಬಲಿ ಗಿಲಿ ಎಲ್ಲಿಂದ ತಂದಿರಿ?

ಎರಡನೆಯದು: 'ಯಾವುದೋ ಮಂಜು ಮುಸುಕಿದ ಪಟ್ಟಣದಲ್ಲಿ, ಯಾವುದೋ ಇರುಳಿನಲ್ಲಿ ಇದು ಗಸ್ತು ತಿರುಗಿರಬಹುದು.' ಈ ಮಂಜು ಆಗುಂಬೆಯದು, ನನಗೆ ಗೊತ್ತು. ಮುಂದಿನ ಪುಟದಲ್ಲಿ ನೀವೇ ಹೇಳುತ್ತೀರಿ, ಸ್ಲೈಡಿನ ಮೇಲೆ, ಅಂದರೆ ಪಿಸ್ತೂಲಿನ ಮೇಲ್ಗಡೆ ಹಿಂದೆ ಮುಂದೆ ಜಾರುವ ಭಾಗದ ಮೇಲೆ, 'ಎನ್‌ಡಬ್ಲ್ಯು' ಅಂತಲೂ '9/79' ಅಂತಲೂ ಮುದ್ರೆ ಇತ್ತು ಅಂತ. ಎನ್‌ಡಬ್ಲ್ಯು ಅಂದರೆ ನಾರ್ಡ್‌ರೈನ್-ವೆಸ್ಟ್‌ಫಾಲೆನ್, ಕಲೋನ್, ಡುಸೆಲ್‌ಡಾರ್ಫ್ ಇರುವ ರಾಜ್ಯ. 9/79 ಅಂದರೆ 1979ರ ಸೆಪ್ಟೆಂಬರ್. ರಾಜ್ಯ, ತಿಂಗಳು, ವರ್ಷ ಮೂರೂ ಕಬ್ಬಿಣದಲ್ಲೇ ಕೊರೆದಿರುವಾಗ 'ಯಾವುದೋ' ಅಂತ ಬರೆಯಲು ಕೈ ಹೇಗೆ ಬಂತು?

'ಎಪ್ಪತ್ತರ ದಶಕದ ತಲ್ಲಣಗಳಿಗೂ ಇದಕ್ಕೂ ನಂಟಿರಬಹುದು.' ನಂಟು ಇದೆ, ನೀವು ಹುಡುಕಲಿಲ್ಲ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಹನ್ನೊಂದು ಜನ ಕ್ರೀಡಾಪಟುಗಳು, ತರಬೇತುದಾರರು, ತೀರ್ಪುಗಾರರು ಸತ್ತರು. ಜೊತೆಗೆ ಒಬ್ಬ ಜರ್ಮನ್ ಪೊಲೀಸ್ ಕೂಡ. ಆಗ ಅಲ್ಲಿನ ಬಹುಪಾಲು ಪೊಲೀಸರ ಕೈಯಲ್ಲಿದ್ದದ್ದು 7.65 ಮಿಲಿಮೀಟರ್ ಗುಂಡಿನ ಸಣ್ಣ ಪಿಸ್ತೂಲು. ಇದು ಸಾಲದು ಅಂತ 9 ಮಿಲಿಮೀಟರಿನದು ಬೇಕೆಂದರು. ತೆಗೆದ ತಕ್ಷಣ ಹಾರಬೇಕು, ಬೇರೆ ಗುಂಡಿ ಒತ್ತುವ ರಗಳೆ ಇರಬಾರದು ಅಂದರು. ಕೊನೆಗೆ ಮೂರು ಪಾಸಾದವು: ವಾಲ್ಟರ್‌ನವರ ಪಿ5, ಸಿಗ್ ಸೌವರ್‌ನವರ ಪಿ6, ಹೆಕ್ಲರ್ ಅಂಡ್ ಕಾಕ್‌ನವರ ಪಿ7. ಒಂದೊಂದು ರಾಜ್ಯ ಒಂದೊಂದನ್ನು ಆರಿಸಿಕೊಂಡಿತು. ನಿಮ್ಮ ಮಾವನ ಕೈಯಲ್ಲಿರುವುದು ಪಿ6. ಇಷ್ಟು ಹೇಳಿದ್ದರೆ 'ತಲ್ಲಣ' ಅನ್ನುವ ಪದವೇ ಬೇಕಿರಲಿಲ್ಲ.

ಈಗ ನನ್ನನ್ನು ನಿಜವಾಗಿ ಕಾಡಿದ ಸಾಲಿಗೆ ಬರುತ್ತೇನೆ. ನಾಲ್ಕನೇ ಪುಟ, ಕೆಳಗಿನಿಂದ ಮೂರನೆಯದು: 'ಹ್ಯಾಮರಿನ ತುದಿಯಲ್ಲಿ ಏನೋ ಒಂದು ಕಚ್ಚು ಇತ್ತು.' ಅಷ್ಟೇ. ಆಮೇಲೆ ಮತ್ತೆ ಮಂಜು.

ಆ ಕಚ್ಚು ಯಾಕಿದೆ ಅಂತ ಮಾವನನ್ನು ಕೇಳಲಿಲ್ಲವೇ? ಹ್ಯಾಮರ್ ಅಂದರೆ ಪಿಸ್ತೂಲಿನ ಹಿಂಭಾಗದಲ್ಲಿರುವ, ಗುಂಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆ. ಪಿಸ್ತೂಲು ಕೈತಪ್ಪಿ ಅದು ನೆಲಕ್ಕೆ ಬಡಿದರೆ ಆ ತುದಿ ಒಳಕ್ಕೆ ಬಾಗುತ್ತದೆ, ಕಚ್ಚು ಮುಚ್ಚಿಕೊಳ್ಳುತ್ತದೆ. ಆಯುಧ ತಪಾಸಣೆ ಮಾಡುವವನಿಗೆ ನೋಡಿದ ಕೂಡಲೇ ತಿಳಿಯುತ್ತದೆ, ಇದು ಬಿದ್ದಿದೆ, ಬಿಚ್ಚಿ ನೋಡಬೇಕು ಅಂತ. ಅದಕ್ಕೆಂದೇ ಹಾಗೆ ಮಾಡಿದ್ದು. ಪೇದೆ 'ಬಿದ್ದಿಲ್ಲ ಸಾರ್' ಅಂದರೂ ಪಿಸ್ತೂಲೇ ಚಾಡಿ ಹೇಳುತ್ತದೆ! ಅದನ್ನು ನೀವು 'ಏನೋ ಒಂದು' ಅಂತ ದಾಟಿ ಹೋದಿರಿ. ಮೈತುಂಬ ಅಕ್ಷರ, ಅಂಕಿ, ಕಚ್ಚು ಇಟ್ಟುಕೊಂಡ ವಸ್ತುವನ್ನು 'ಮೂಕಸಾಕ್ಷಿ' ಅಂತ ಕರೆದಿರಿ.

ನಾನೇನು ಹುಟ್ಟುತ್ತಲೇ ಕಲಿತು ಬಂದವನಲ್ಲ. ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ ಮೊದಲ ಕೆಲಸ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಚುನಾವಣೆ ಬಂದರೆ ಮಲೆನಾಡಿನಲ್ಲಿ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ನಿಮಗೆ ಗೊತ್ತೇ ಇದೆ. ಕಾಡುಹಂದಿ ಗದ್ದೆಗೆ ನುಗ್ಗುವ ಹೊತ್ತಿಗೇ ಕೋವಿ ಠಾಣೆಯಲ್ಲಿ ಕೂತಿರುತ್ತದೆ. ಅದನ್ನು ಬರೆದು ಬಾ ಅಂತ ನನ್ನನ್ನು ಹೊಸನಗರದ ಕಡೆ ಕಳಿಸಿದರು. ಹೋದೆ. ಬಾಗಿಲಲ್ಲಿ ನಿಂತು ನೋಡಿದೆ. 'ಕೋವಿಗಳು ಮೌನವಾಗಿ ಒರಗಿ ನಿಂತು ಪ್ರಜಾಪ್ರಭುತ್ವವನ್ನು ಕಾಯುತ್ತಿದ್ದವು' ಅಂತ ಬರೆದೆ. ಆ ಸಾಲು ಈಗಲೂ ಬಾಯಿಪಾಠ, ನಾಚಿಕೆಯಿಂದ.

ನಮ್ಮ ಹಿರಿಯ ಉಪಸಂಪಾದಕರು ಕವಳದ ಬಾಯಲ್ಲೇ ಓದಿದರು. ಕಿಟಕಿಯಾಚೆ ಉಗಿದು ಬಂದು ಕೇಳಿದರು: 'ಎಷ್ಟು ಕೋವಿ? ಕೇಪಿನದೆಷ್ಟು, ತೋಟಾದ್ದೆಷ್ಟು? ಹೆಸರಿನ ಚೀಟಿ ಯಾವುದರಿಂದ ಕಟ್ಟಿದ್ದರು?' ನನ್ನ ಬಳಿ ಒಂದಕ್ಕೂ ಉತ್ತರವಿಲ್ಲ. 'ನಾಳೆ ಮೊದಲ ಬಸ್ಸಿಗೆ ಹೋಗು' ಅಂದರು. ಬಸ್‌ಚಾರ್ಜು ಕೊಡಲಿಲ್ಲ.

ಎರಡನೇ ಸಲ ಠಾಣೆಯ ರೈಟರ್ ನಗುತ್ತಾ ಒಳಗೆ ಬಿಟ್ಟರು. ಮೂವತ್ತೇಳು ಕೋವಿ. ಸುತಲಿ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಒಂದು ಜೋಡುನಳಿಗೆಯ ಬಾಯಿಗೆ ಹಳೇ ಸೀರೆಯ ಚಿಂದಿ ತುರುಕಿದ್ದರು. ಯಾಕೆ ಅಂದೆ. 'ಕುಂಬಾರ ಹುಳ ಮಣ್ಣು ತುಂಬುತ್ತೆ ಸ್ವಾಮಿ, ಹೋದ ಎಲೆಕ್ಷನ್ನಲ್ಲಿ ತುಂಬಿತ್ತು' ಅಂದರು. ಮಾರನೇ ದಿನ ಆ ಚಿಂದಿಯೇ ಸುದ್ದಿಯ ಮೊದಲ ಸಾಲಾಯಿತು. ಹಿರಿಯರು ಏನೂ ಅನ್ನಲಿಲ್ಲ, ಮೊಳೆ ಜೋಡಿಸುವವನ ಕೈಗೆ ಹಾಗೇ ಕೊಟ್ಟರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ.

ನಿಮ್ಮ ಲೇಖನದ ಉಳಿದ ಭಾಗದ ಬಗ್ಗೆ ಏನೂ ಹೇಳುವುದಿಲ್ಲ. ವಿಮಾನದ ಊಟದ ಒಂದೂವರೆ ಪುಟವನ್ನು ನೀವೇ ತೆಗೆಯುತ್ತೀರಿ ಅಂದುಕೊಂಡಿದ್ದೇನೆ.

ಒಂದು ಭಾನುವಾರ ಮಾವನಿಗೆ ಫೋನ್ ಮಾಡಿ. ಅವರು ಪೆಟ್ಟಿಗೆ ತೆಗೆದು, ಗುಂಡು ತುಂಬುವ ಮ್ಯಾಗಜಿನ್ ಹೊರಗಿಟ್ಟು, ಒಳಗೆ ಗುಂಡಿಲ್ಲ ಅಂತ ಕಿರುಬೆರಳು ಹಾಕಿ ನೋಡಿದ್ದನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ, ಅದನ್ನು ನಿಧಾನವಾಗಿ ಹೇಳಿಸಿಕೊಳ್ಳಿ. ಸ್ಲೈಡ್, ಬ್ಯಾರೆಲ್, ಕೆಳಗಿನ ಚೌಕಟ್ಟು, ಮೂರರ ಮೇಲೂ ಒಂದೇ ನಂಬರ್ ಇದೆಯಾ ಅಂತ ಓದಿಸಿ. ಪಿಸ್ತೂಲನ್ನು ಅಮೆರಿಕಕ್ಕೆ ಆಮದು ಮಾಡಿದವರು ಅದರ ಮೇಲೆ ತಮ್ಮ ಹೆಸರು ಕೊರೆಸಲೇಬೇಕು ಅಂತ ಕಾನೂನಿದೆ, ಅದು ಎಲ್ಲಿದೆ, ಅದನ್ನು ನೋಡಿ ಮಾವನ ಮುಖ ಹೇಗಾಗುತ್ತದೆ ಅಂತ ಕೇಳಿ.

ಮತ್ತೆ, ಆ ಕಚ್ಚು. ತೆರೆದಿದೆಯೋ, ಮುಚ್ಚಿದೆಯೋ? ಲೇಖನ ತಡವಾದರೂ ಪರವಾಗಿಲ್ಲ, ಇದೊಂದನ್ನು ಕಾರ್ಡಿನಲ್ಲಾದರೂ ಬರೆದು ತಿಳಿಸಿ.