ಗಾಜಿನ ಮೇಲೆ ನಿಲ್ಲುವ ಬಣ್ಣ ಉಗುರಿನ ಮೇಲೇಕೆ ನಿಲ್ಲದು?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಸಣ್ಣ ನೇಲ್‌ಪಾಲಿಶ್ ಘಟಕ. ಗಾಜಿನ ಸ್ಲೈಡ್ ಮೇಲೆ ವಾರಗಟ್ಟಲೆ ಅಲ್ಲಾಡದ ಬಣ್ಣ, ಪಾತ್ರೆ ತೊಳೆಯುವವರ ಉಗುರಿನಿಂದ ಎರಡೇ ದಿನಕ್ಕೆ ಚಕ್ಕೆಯೇಳುತ್ತಿದೆ. ಉಗುರಿನ ಮಾದರಿಯನ್ನು ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಉಗುರು ಕೆರಾಟಿನ್ ಎಂಬ ಪ್ರೋಟೀನ್, ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಅಷ್ಟು ಹಿಗ್ಗದು, ಹಾಗಾಗಿ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಗಾಜು ನೀರು ಹೀರುವುದೂ ಇಲ್ಲ, ಬಾಗುವುದೂ ಇಲ್ಲ. ನಿಮ್ಮ ಮಾದರಿ ನೀರು ಕುಡಿಯಲೇಬೇಕು.

ಮೊದಲು ಕತ್ತರಿಸಿದ ಉಗುರಿನಿಂದ ಶುರುಮಾಡಿ. ಕೊಡುವವರ ಒಪ್ಪಿಗೆ ಬರೆಸಿಕೊಳ್ಳಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಮಾತ್ರ ಬೆಳೆಯುವುದರಿಂದ, ಆರು ತಿಂಗಳಿಂದ ಬಣ್ಣ, ಮೆಹಂದಿ ಹಚ್ಚದವರ ತುಂಡುಗಳೇ ಬೇಕು. ಬಣ್ಣಗೆಟ್ಟ, ಶಿಲೀಂಧ್ರ ಹಿಡಿದ ಉಗುರು ಬೇಡ. ಅಡಿಭಾಗವನ್ನು ಬ್ಲೇಡಿನಿಂದ ಕೆರೆದು, ಸಾಬೂನು ನೀರಿನಲ್ಲಿ ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ಅಸಿಟೋನ್‌ನಲ್ಲಿ ನೆನೆಹಾಕಬೇಡಿ, ಉಗುರಿನ ಜಿಡ್ಡೂ ನೀರೂ ಹೋಗುತ್ತವೆ. ಮೈಕ್ರೋಮೀಟರ್‌ನಿಂದ ಮೂರು ಕಡೆ ಅಳೆದು 0.4ರಿಂದ 0.6 ಮಿ.ಮೀ. ದಪ್ಪದವನ್ನಷ್ಟೇ ಇಟ್ಟುಕೊಳ್ಳಿ.

ಮುಂದಿನ ಹೆಜ್ಜೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಉಗುರಿನ ನೀರು ಗಾಳಿಯ ತೇವದಂತೆ ಬದಲಾಗುತ್ತದೆ: ಪುಣೆಯ ಒಣ ಏಪ್ರಿಲ್ ಉಗುರು ಬೇರೆ, ಮಳೆಯ ಜುಲೈ ಉಗುರು ಬೇರೆ. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಕರಗದೆ ಉಪ್ಪು ಉಳಿಯುವಷ್ಟು ಗಾಢವಾದ ಉಪ್ಪುನೀರಿಡಿ. 25 ಡಿಗ್ರಿಯಲ್ಲಿ ಒಳಗಿನ ತೇವಾಂಶ 75% ಆಸುಪಾಸಿನಲ್ಲಿ ನಿಲ್ಲುತ್ತದೆ. ಮೇಲಿನ ಜಾಲರಿಯಲ್ಲಿ ತುಂಡುಗಳನ್ನಿಟ್ಟು, ತೂಕ ಬದಲಾಗದವರೆಗೆ ಕಾಯಿರಿ, ಸಾಮಾನ್ಯವಾಗಿ ಎರಡು ದಿನ. ಒಂದು ತುಂಡಿನ ತೂಕ ಸುಮಾರು 10 ಮಿಲಿಗ್ರಾಂ, ಅದರಲ್ಲಿ ನೀರು ಒಂದೆರಡು ಮಿಲಿಗ್ರಾಂ ಅಷ್ಟೇ. ಹತ್ತು ತುಂಡುಗಳನ್ನು ಒಟ್ಟಿಗೆ ತೂಗದಿದ್ದರೆ ತಕ್ಕಡಿಯ ತಪ್ಪೇ ಫಲಿತಾಂಶವಾಗುತ್ತದೆ.

ದೊಡ್ಡ ಚಪ್ಪಟೆ ತುಂಡು ಬೇಕಾದರೆ ಗೊರಸು. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ. ಹಾಗಾಗಿ ಎಮ್ಮೆ, ಕೋಣದ ಗೊರಸನ್ನು ಮುಂಬೈನ ದೇವನಾರ್ ಕಸಾಯಿಖಾನೆ ಕಡೆಯಿಂದ ತರಿಸಿ. ಬೇಯಿಸಿದ್ದೂ ಬೇಡ, ಕೆಡದಂತೆ ಫಾರ್ಮಲಿನ್ ದ್ರವದಲ್ಲಿಟ್ಟದ್ದೂ ಬೇಡ: ಫಾರ್ಮಲಿನ್ ಕೆರಾಟಿನ್ ಎಳೆಗಳನ್ನು ಬೆಸೆದು ಗಟ್ಟಿಮಾಡುತ್ತದೆ, ಆಮೇಲೆ ನೇಲ್ ಹಾರ್ಡನರ್ (ಉಗುರು ಗಟ್ಟಿಮಾಡುವ ಲೇಪ) ಪರೀಕ್ಷೆಗೆ ಅರ್ಥವಿರದು. ಹೊರಗೋಡೆಯ ಭಾಗವನ್ನು ಒಂದು ದಿನ ನೀರಲ್ಲಿ ನೆನೆಸಿ, ತೆಳುವಾಗಿ ಸೀಳಿ, 400 ನಂಬರ್ ಮರಳುಕಾಗದದಿಂದ 0.5 ಮಿ.ಮೀ.ಗೆ ಉಜ್ಜಿ, ಎರಡು ಗಾಜಿನ ನಡುವೆ ಭಾರವಿಟ್ಟು ಒಣಗಿಸಿ. ಭಾರವಿಲ್ಲದಿದ್ದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಗೊರಸಿನಲ್ಲಿ ಕೆರಾಟಿನ್ ಎಳೆಗಳನ್ನು ಹಿಡಿದಿಡುವ ಗಂಧಕದ ಬೆಸುಗೆಗಳು ಕಡಿಮೆ, ಉಗುರಿಗಿಂತ ಹೆಚ್ಚು ನೀರು ಹೀರುತ್ತದೆ. ಹಾಗಾಗಿ ಎರಡು ಬಣ್ಣಗಳ ಹೋಲಿಕೆಗಷ್ಟೇ ಬಳಸಿ. ಔಷಧಿ ಉಗುರಿನೊಳಗೆ ಎಷ್ಟು ಇಳಿಯಿತೆಂದು ಅದರಿಂದ ಹೇಳಬೇಡಿ.

ಬಣ್ಣ ಹಚ್ಚುವ ಮುನ್ನ ಕತ್ತರಿಸಿದ ಅಂಚಿಗೆ ಅರಾಲ್ಡೈಟ್ ಅಂಟು ಬಳಿಯಿರಿ. ಬೆರಳಿನಲ್ಲಿರುವಾಗ ತೆರೆದಿರದ ಆ ಅಂಚಿನಿಂದ ನೀರು ನುಗ್ಗಿದರೆ, ಒಳ್ಳೆಯ ಬಣ್ಣಕ್ಕೂ ಕೆಟ್ಟ ಹೆಸರು ಬರುತ್ತದೆ. ಬಣ್ಣ ಹಚ್ಚಿ ಒಂದು ದಿನ ಒಣಗಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ 40 ಡಿಗ್ರಿ ನೀರಲ್ಲಿ 20 ನಿಮಿಷ, ಮತ್ತೆ ಉಪ್ಪುನೀರಿನ ಡಬ್ಬಿಯ ಜಾಲರಿಯಲ್ಲಿ 2 ಗಂಟೆ. ಹೀಗೆ ಹತ್ತು ಸುತ್ತು. ಪ್ರತಿ ಸುತ್ತಿನ ನಂತರ ಭೂತಗನ್ನಡಿಯಲ್ಲಿ ತುದಿ ನೋಡಿ. ಬಣ್ಣದಡಿಯಲ್ಲಿ ಬಿಳಿ ಗೆರೆ ಕಂಡಿತೆಂದರೆ ಅಲ್ಲಿ ಹಿಡಿತ ಬಿಟ್ಟಿದೆ, ಚಕ್ಕೆ ಏಳುವುದು ಆಮೇಲೆ. ಎಷ್ಟನೇ ಸುತ್ತಿನಲ್ಲಿ ಆ ಗೆರೆ ಬಂತು ಎಂಬುದನ್ನೇ ಬರೆದಿಡಿ.